ಕಯಾಕ್ ಮೇಲೆ ಜೀವಂತ ಎರೆ ಮೀನಿಗೆ ಟ್ಯಾಂಕ್: ಮಾಡಿಕೊಂಡವರು ಹೇಳಿ

ಪ್ರಶ್ನೆ: ನನ್ನದು ಕಯಾಕ್, ಅಂದ್ರೆ ಹುಟ್ಟು ಹಾಕುವ ಸಣ್ಣ, ಕಿರಿದಾದ ದೋಣಿ. ಗಾಳಕ್ಕೆ ಜೀವಂತ ಮೀನನ್ನೇ ಎರೆಯಾಗಿ ಬಳಸುತ್ತೇನೆ. ಕಯಾಕ್‌ನಲ್ಲಿ ಬಕೆಟ್‌ಗೆ ಹಾಕಿಟ್ಟರೆ ಸ್ವಲ್ಪ ಹೊತ್ತಿಗೇ ಸಾಯುತ್ತವೆ. ಟ್ಯಾಂಕ್ ಎಷ್ಟು ದೊಡ್ಡದಿರಬೇಕು, ಎಲ್ಲಿಡಬೇಕು, ಯಾವ ಪಂಪ್ ಹಾಕಬೇಕು?

ಉತ್ತರ 1: ಮೊದಲು ಭಾರದ ಲೆಕ್ಕ ಹಾಕಿ. ಒಂದು ಲೀಟರ್ ನೀರು ಅಂದ್ರೆ ಒಂದು ಕಿಲೋ. ನನಗೆ 20 ಲೀಟರ್ ಸಾಕಾಗಿದೆ. ಸೀಟಿನ ಹಿಂದೆಯೇ, ನಟ್ಟನಡುವೆ, ಆದಷ್ಟು ತಗ್ಗಿನಲ್ಲಿ ಕೂರಿಸಿ ಬಿಗಿಯಾಗಿ ಕಟ್ಟಿ. ನಿಜವಾದ ಅಪಾಯ ಅರ್ಧ ತುಂಬಿದ ಟ್ಯಾಂಕ್. ಕಯಾಕ್ ವಾಲಿದ ಕಡೆಗೇ ನೀರೂ ಓಡುತ್ತದೆ, ಇನ್ನೂ ವಾಲಿಸುತ್ತದೆ. ತುಂಬಿದರೆ ಪೂರ್ತಿ ತುಂಬಿ, ಇಲ್ಲಾಂದ್ರೆ ಖಾಲಿ ಇಡಿ. ದಡದ ಅಲೆ ದಾಟುವಾಗಂತೂ ಖಾಲಿಯೇ ಇರಲಿ.

ಉತ್ತರ 2: ಭಾರದ ಮಾತು ನೂರಕ್ಕೆ ನೂರು ಸರಿ. ಆಕಾರದ ಬಗ್ಗೆಯೂ ಹೇಳ್ತೀನಿ, ದುಂಡಗಿನದೇ ತಗೊಳ್ಳಿ. ಬೂತಾಯಿ, ಬಂಗುಡೆಯಂಥವು ಈಜುತ್ತಲೇ ಇರಬೇಕು. ಚೌಕದ ಡಬ್ಬದಲ್ಲಿ ಮೂಲೆಗೆ ಮೂತಿ ಗುದ್ದಿಕೊಂಡು, ಚಿಪ್ಪು ಉದುರಿ ಸೊರಗುತ್ತವೆ. ಪಂಪ್ ಹೊರಗಿನಿಂದ ತರುವ ನೀರನ್ನು ಗೋಡೆಗುಂಟ ಓರೆಯಾಗಿ ಬಿಡಿ, ನಿಧಾನಕ್ಕೆ ಸುತ್ತಲಿ. ರಭಸ ಜಾಸ್ತಿಯಾದರೆ ಮೀನು ಎದುರು ಈಜಿ ಈಜಿಯೇ ಸುಸ್ತಾಗುತ್ತದೆ.

ಪಂಪ್‌ಗೆ 12 ವೋಲ್ಟ್‌ನ ಸಣ್ಣ ಬಿಲ್ಜ್ ಪಂಪ್ (ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕುವಂಥದ್ದು) ಸಾಕು. ಅದು ತಾನಾಗಿ ನೀರು ಎಳೆದುಕೊಳ್ಳುವುದಿಲ್ಲ, ಸದಾ ನೀರಿನೊಳಗೇ ಮುಳುಗಿರಬೇಕು. ಹೊರಹೋಗುವ ಪೈಪ್ ಒಳಬರುವುದಕ್ಕಿಂತ ದಪ್ಪ ಇರಲೇಬೇಕು. ನನ್ನದರಲ್ಲಿ ಒಳಗೆ 20 ಮಿಲಿಮೀಟರ್, ಹೊರಗೆ 40. ಹೊರಹೋಗುವ ಪೈಪಿನ ಬಾಯಿಗೆ ಜಾಲರಿ ಹಾಕಿ, ಆಗಾಗ ಬೆರಳಾಡಿಸಿ ನೋಡಿ. ಉದುರಿದ ಚಿಪ್ಪು ಅಲ್ಲೇ ಅಂಟಿ ಕಟ್ಟಿಕೊಳ್ಳುತ್ತದೆ, ನೀರು ಉಕ್ಕಿ ನೇರ ಬೆನ್ನಿಗೇ ಬರುತ್ತದೆ.

ಪಂಪ್ 2 ಆಂಪಿಯರ್ ಎಳೆದರೆ 7 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕಕ್ಕೆ ಮೂರೂವರೆ ಗಂಟೆ. ಲೆಡ್ ಆಸಿಡ್ ಆದರೆ ಅದರಲ್ಲಿ ಅರ್ಧವನ್ನಷ್ಟೇ ನಂಬಿ. ಲಿಥಿಯಂ ಹಗುರ, ಬಾಳಿಕೆಯೂ ಹೆಚ್ಚು. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕುವುದನ್ನು ಮಾತ್ರ ಬಿಡಬೇಡಿ.

ಉತ್ತರ 3: ಸಿಗಡಿ, ಸಣ್ಣ ಗಟ್ಟಿ ಜಾತಿಯ ಮೀನಾದರೆ ಇಷ್ಟೆಲ್ಲ ಬೇಡ. ಮುಚ್ಚಳದ ಬಕೆಟ್, ಬ್ಯಾಟರಿಯ ಗಾಳಿ ಪಂಪ್, ಗುಳ್ಳೆ ಬಿಡುವ ಕಲ್ಲು ಸಾಕು. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆಯಾಗುತ್ತದೆ, ಹಾಗಾಗಿ ನೆರಳು ಮಾಡಿ. ನಲ್ಲಿ ನೀರು ಹಾಕಬೇಡಿ, ಕ್ಲೋರಿನ್‌ಗೆ ಸಾಯುತ್ತವೆ. ಒಣ ಕೈಯಲ್ಲಿ ಹಿಡಿಯಬೇಡಿ, ಮೈಮೇಲಿನ ಲೋಳೆ ಹೋಗುತ್ತದೆ. ಸಣ್ಣ ಕೈಬಲೆಯಲ್ಲಿ ಎತ್ತಿ. ಮತ್ತೆ, ಸತ್ತ ಮೀನು ಕಂಡ ತಕ್ಷಣ ತೆಗೆದುಬಿಡಿ. ಉಳಿದವುಗಳ ನೀರನ್ನೂ ಅದು ಕೆಡಿಸುತ್ತದೆ.