ಮಗನೊಡನೆ ಮಾತು ತೆಗೆಯುವುದು ಹೇಗೆ? – ಓದುಗರ ಸ್ಪಂದನ

ಇಂಜಿನಿಯರಿಂಗ್ ಓದುತ್ತಿರುವ ಮಗ ಗಾಂಜಾ ಸೇದುತ್ತಿರುವುದು ತಿಳಿದಿದೆ, ಅವನ ತಂದೆಗೆ ಇನ್ನೂ ಹೇಳಿಲ್ಲ, ದೀಪಾವಳಿಗೆ ಅವನು ಊರಿಗೆ ಬಂದಾಗ ಮಾತು ಹೇಗೆ ತೆಗೆಯಲಿ ಎಂದು ದಾವಣಗೆರೆಯ ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು.

ಖರ್ಚಿಗೆ ಕಳುಹಿಸುವ ಹಣವನ್ನು ಮೊದಲು ನಿಲ್ಲಿಸಿ. ಗಂಡನಿಂದಲೇ ವಿಷಯ ಮುಚ್ಚಿಟ್ಟಿರುವ ನೀವು ಮಗನಿಂದ ಯಾವ ಸತ್ಯವನ್ನು ನಿರೀಕ್ಷಿಸುತ್ತೀರಿ?
– ನಿವೃತ್ತ ಉಪನ್ಯಾಸಕರು, ತುಮಕೂರು

ಇದೇ ಧಾಟಿಯಲ್ಲಿ ಬರೆದವರು ಇನ್ನೂ ಹಲವರಿದ್ದಾರೆ. ಮುಂದಿನ ಪತ್ರ ದೀರ್ಘವಾದರೂ ಕತ್ತರಿಸಲು ಮನಸ್ಸಾಗಲಿಲ್ಲ. – ಸಂ.

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ತಮ್ಮನದು ಗಾಂಜಾ ಅಲ್ಲ, ನೋವಿನ ಮಾತ್ರೆಯ ಚಟ. ವಿಷಯ ತಿಳಿದ ದಿನವೇ ಅಪ್ಪ ಅವನನ್ನು ದೇವರ ಮುಂದೆ ನಿಲ್ಲಿಸಿ, ಅಮ್ಮನ ತಲೆಯ ಮೇಲೆ ಕೈಯಿಡಿಸಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದರು. ನೆಂಟರೆಲ್ಲ ಅಲ್ಲಿಗೆ ಎಲ್ಲವೂ ಮುಗಿಯಿತೆಂದು ನಂಬಿದರು. ಆಣೆ ಒಂದು ವಾರವೂ ನಿಲ್ಲಲಿಲ್ಲ. ಆ ಬಳಿಕ ಅವನು ಮಾತ್ರೆಯ ಜೊತೆಗೆ ಆಣೆ ಮುರಿದದ್ದನ್ನೂ ಮುಚ್ಚಿಡಬೇಕಾಯಿತು. ಅಮ್ಮನಿಗೆ ಜ್ವರ ಬಂದರೂ ತನ್ನಿಂದಲೇ ಬಂತೆಂದು ಹೆದರಿ ಮನೆಗೆ ಬರುವುದನ್ನೇ ಬಿಟ್ಟ. ಮಾತ್ರೆ ಸಿಗದ ದಿನ ಮೈಕೈ ನೋವು, ಬೆವರು, ಭೇದಿ ಶುರುವಾಗುತ್ತವೆಂದೂ ಆ ಸಂಕಟ ತಾಳಲಾರದೆ ಮತ್ತೆ ನುಂಗುತ್ತಾನೆಂದೂ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಅವನು ಬಾಯಿಬಿಟ್ಟದ್ದು ಸೋದರಮಾವನ ಬಳಿ, ಇಬ್ಬರೂ ಅಡಿಕೆ ಸುಲಿಯುತ್ತ ಕೂತಿದ್ದಾಗ. ಮಾವ ಕೇಳಿದ್ದು ಇಷ್ಟೇ: "ತಗೊಳ್ಳದ ದಿನ ನಿಂಗೆ ಏನಾಗ್ತದೋ?" ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗಲು ಆಮೇಲೆ ಅವನೇ ಒಪ್ಪಿದ. ಈಗ ಕೆಲಸದಲ್ಲಿದ್ದಾನೆ, ಅಪ್ಪನೊಂದಿಗೆ ಮಾತ್ರ ಮಾತಿಲ್ಲ. ನಿಮ್ಮ ಮಗನಿಂದ ಆಣೆ ಕೇಳಬೇಡಿ.
– ಗೃಹಿಣಿ, ಶಿರಸಿ

ನಮ್ಮ ಕಡೆ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುತ್ತ ಬಂದಿದೆ. ಸೇದಿದವರೆಲ್ಲ ಹಾಳಾದರೆಂದು ಹೇಳಲಾಗದು.
– ರೈತರು, ಸುರಪುರ

ಜಾತ್ರೆಯ ಒಂದು ದಿನಕ್ಕೂ ಹಾಸ್ಟೆಲಿನ ನಿತ್ಯದ ಅಭ್ಯಾಸಕ್ಕೂ ಅಂತರವಿದೆ. ಈ ಪತ್ರ ನೋಡಿ. – ಸಂ.

ನಿತ್ಯ ಸೇದುವವರು ದಿಢೀರನೆ ನಿಲ್ಲಿಸಿದರೆ ಮೊದಲ ವಾರ ಸಿಡುಕು, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ, ಊಟ ಸೇರುವುದಿಲ್ಲ. ಹಬ್ಬಕ್ಕೆ ಬಂದ ಮಗ ಹೀಗಿದ್ದರೆ ಅದನ್ನು ಉದ್ಧಟತನವೆಂದು ತಿಳಿದು ಜಗಳಕ್ಕಿಳಿಯಬೇಡಿ. ಅಮಲಿನಲ್ಲಿರುವಾಗಲೂ ಮಾತು ತೆಗೆಯಬೇಡಿ. ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ಯಾರೋ ಹಿಂಬಾಲಿಸುತ್ತಿದ್ದಾರೆಂಬ ಸಂಶಯ ಬಲಿಯುತ್ತಿದ್ದರೆ ಮಾತ್ರ ಹಬ್ಬಕ್ಕೆ ಕಾಯದೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ಅವನೊಡನೆ ಮಾತನಾಡುವ ಮುನ್ನ ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.
– ಶುಶ್ರೂಷಕಿ, ಮೈಸೂರು

ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಸೇವನೆಯೂ ಅಪರಾಧವೇ. ಗಾಂಜಾ ಸೇವನೆಗೆ 6 ತಿಂಗಳವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ವ್ಯಸನಿ ತಾನಾಗಿಯೇ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ, ಅದನ್ನು ಪೂರ್ಣಗೊಳಿಸುವ ಷರತ್ತಿನ ಮೇಲೆ, 64ಎ ಕಲಂ ಅವನನ್ನು ಮೊಕದ್ದಮೆಯಿಂದ ಕಾಪಾಡುತ್ತದೆ. ಮಾರಾಟಕ್ಕೆ ಈ ರಕ್ಷಣೆಯಿಲ್ಲ. ತಂದೆ ಪೊಲೀಸರ ಹೆಸರು ಹೇಳಿ ಹೆದರಿಸುವ ಮುನ್ನ ಇದನ್ನು ತಿಳಿದಿರಲಿ.
– ವಕೀಲರು, ಬೆಂಗಳೂರು

ಹಬ್ಬ ಹತ್ತಿರವಾದ್ದರಿಂದ ಶಿರಸಿ ಮತ್ತು ಮೈಸೂರಿನ ಪತ್ರಗಳನ್ನು ಆ ತಾಯಿಗೆ ಮುಂಚಿತವಾಗಿಯೇ ಕಳುಹಿಸಿದ್ದೇವೆ. – ಸಂ.