ಅಪ್‌ಡೇಟ್: ಘಾಟಿಯಲ್ಲಿ ಮುಗ್ಗರಿಸುತ್ತಿದ್ದ ನಮ್ಮ ಪ್ರವಾಸದ ವ್ಯಾನ್

ಮಲಗಲು, ಅಡುಗೆ ಮಾಡಲು ಅನುಕೂಲ ಮಾಡಿಸಿಕೊಂಡಿರುವ ನಮ್ಮ ಹಳೆಯ ಕಾರ್ಬ್ಯುರೇಟರ್ ವ್ಯಾನ್ ಆಗುಂಬೆ ಘಾಟಿ ಏರುವಾಗ ಮಾತ್ರ ಏಕೆ ಮಿಸ್ಸಿಂಗ್ ಹೊಡೆದು ನಿಲ್ಲುತ್ತದೆ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ನಿಂತಾಗ ಫ್ಲೋಟ್ ಚೇಂಬರಿನಲ್ಲಿ (ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ತುಂಬಿಕೊಳ್ಳುವ ಪುಟ್ಟ ಬಟ್ಟಲು) ಪೆಟ್ರೋಲ್ ಇದೆಯೇ ನೋಡಿ ಎಂದು ಹಿರಿಯರೊಬ್ಬರು ಸಲಹೆ ಕೊಟ್ಟಿದ್ದರು. ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ ನೋಡಿದರೆ ಅದು ಬಹುತೇಕ ಖಾಲಿಯಿತ್ತು. ತೀರ್ಥಹಳ್ಳಿಯ ಮೆಕ್ಯಾನಿಕ್, ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪನ್ನು ಬಗ್ಗಿಸಿ, ಕ್ಲಿಪ್ಪಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ತೋರಿಸಿದರು. ಆ ಭಾಗದಲ್ಲಿ ಪಂಪು ಪೆಟ್ರೋಲನ್ನು ಎಳೆದುಕೊಳ್ಳುವುದರಿಂದ ಹೊರಗೆ ಒಂದು ಹನಿಯೂ ಸೋರದೆ ಒಳಗೆ ಗಾಳಿ ಸೇರಿ, ಚೇಂಬರಿಗೆ ಪೆಟ್ರೋಲ್ ಸಾಲುತ್ತಿರಲಿಲ್ಲ. ಸೋರಿಕೆ ಕಾಣದ್ದರಿಂದಲೇ ನಾನು ಇಷ್ಟು ದಿನ ಸ್ಪಾರ್ಕ್ ಪ್ಲಗ್ಗುಗಳನ್ನೇ ಅನುಮಾನಿಸಿದ್ದೆ. ಎಥನಾಲ್ ಬೆರೆತ ಪೆಟ್ರೋಲನ್ನು ತಾಳಿಕೊಳ್ಳುವ ಹೊಸ ಪೈಪನ್ನೇ ಹಾಕಿಸಿ, ಫಿಲ್ಟರನ್ನೂ ಬದಲಾಯಿಸಿದೆ. ಮೊನ್ನೆ ಘಾಟಿಯ ಕೆಳಗಿನ ಸೋಮೇಶ್ವರದ ಕಡೆಯಿಂದ 14 ತಿರುವುಗಳನ್ನೂ ಒಮ್ಮೆಯೂ ಮುಗ್ಗರಿಸದೆ ಹತ್ತಿತು.