ಹೊಕ್ಕುಳ ಸುತ್ತ ನೀಲಿ ಕಲೆ: ಕೊರೋನಾ ವಾರ್ಡಿನ ಆ ಇಂಜೆಕ್ಷನ್ ಬೇಕಿತ್ತಾ?

ಮಂಡ್ಯದ ಹೈದ:
2021ರ ಮೇ ತಿಂಗಳಲ್ಲಿ ನಮ್ಮ ಮಾವನವರು ಕೊರೋನಾ ಬಂದು ಮೈಸೂರಿನ ಒಂದು ಆಸ್ಪತ್ರೆಯಲ್ಲಿದ್ದರು. ಹನ್ನೊಂದು ದಿನ, ದಿನಾ ಹೊಟ್ಟೆಗೆ ಒಂದು ಇಂಜೆಕ್ಷನ್. ಮನೆಗೆ ಬಂದಾಗ ಹೊಕ್ಕುಳ ಸುತ್ತ ನೇರಳೆ ಹಣ್ಣು ಜಜ್ಜಿದ ಹಾಗೆ ಕಲೆ. ಮೊನ್ನೆ ಬೀರು ತೆಗೆದಾಗ ಹಳೇ ಬಿಲ್ ಸಿಕ್ಕಿತು. ‘ಎನಾಕ್ಸಪಾರಿನ್ 40’ ಅಂತ ಇದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವುದಂತೆ. ಕಾಯಿಲೆ ಶ್ವಾಸಕೋಶಕ್ಕೆ, ಮದ್ದು ರಕ್ತಕ್ಕೆ ಯಾಕೆ?

ಫಿಲ್ಟರ್ ಕಾಫಿ:
ಇನ್ಯಾಕೆ, ಬಿಲ್ ಉದ್ದ ಆಗಲಿ ಅಂತ. ನಮ್ಮ ಚಿಕ್ಕಪ್ಪನಿಗೆ ರಕ್ತ ಹೆಪ್ಪುಗಟ್ಟಿದೆಯಾ ಅಂತ ಸುಳಿವು ಕೊಡುವ ಡಿ-ಡೈಮರ್ ಟೆಸ್ಟನ್ನು ಹಾಲಿನ ಲೆಕ್ಕದ ಹಾಗೆ ದಿನಾ ಬರೆದಿದ್ದರು.

ರಿಟೈರ್ಡ್ ಸಿಸ್ಟರ್:
ಹಾಗೆ ಸುಮ್ನೆ ಹೇಳಬೇಡಿ ಅಣ್ಣ. ನಾನು ಕೋವಿಡ್ ವಾರ್ಡಿನಲ್ಲೇ ಇದ್ದವಳು. ಈ ಕಾಯಿಲೆ ರಕ್ತನಾಳದ ಒಳಗೋಡೆಯನ್ನೂ ಕೆಡಿಸುತ್ತದೆ. ಉರಿಯೂತ ಜಾಸ್ತಿಯಾಗಿ ರಕ್ತ ಬೇಗ ಗಟ್ಟಿಯಾಗುತ್ತದೆ. ಮೇಲಿಂದ ರೋಗಿ ಮಲಗೇ ಇರುತ್ತಾರೆ. ನಾಲೆ ನೀರು ನಿಂತರೆ ಹೂಳು ಕಟ್ಟುತ್ತದಲ್ವಾ, ಕಾಲಿನ ರಕ್ತನಾಳದಲ್ಲೂ ಹಾಗೇ. ಅಲ್ಲಿಂದ ಒಂದು ತುಂಡು ಕಿತ್ತು ಶ್ವಾಸಕೋಶಕ್ಕೆ ಹೋದರೆ ಮುಗಿಯಿತು. ಒಬ್ಬರು ಮರುದಿನ ಮನೆಗೆ ಹೋಗಬೇಕಿತ್ತು. ರಾತ್ರಿ ಬಾತ್‌ರೂಮಿಗೆ ಹೋಗಿ ಬಂದು ಮಂಚದ ಮೇಲೆ ಕೂತರು, ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ರಕ್ತದ ಆಕ್ಸಿಜನ್ ಸ್ಯಾಚುರೇಶನ್ 95 ಇದ್ದದ್ದು 70ಕ್ಕೆ ಬಿತ್ತು. ಉಳಿಯಲಿಲ್ಲ.

ಔಷಧಿ ಅಂಗಡಿ:
ಸಿಸ್ಟರ್ ಹೇಳಿದ್ದು ಸರಿ. 2020ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಐಸಿಯುನ 184 ಕೋವಿಡ್ ರೋಗಿಗಳನ್ನು ನೋಡಿದರು. ನೂರಕ್ಕೆ 31 ಮಂದಿಗೆ ಹೆಪ್ಪುಗಟ್ಟುವ ತೊಂದರೆ ಕಂಡಿತು, ಅದೂ ಎಲ್ಲರಿಗೂ ತಡೆಯುವ ಮದ್ದು ಕೊಡುತ್ತಿದ್ದಾಗಲೇ. ಹೆದರಿದ ಡಾಕ್ಟರುಗಳು ಎಷ್ಟೋ ಕಡೆ ಡೋಸ್ ಏರಿಸಿದರು. 2021ರ ಆಗಸ್ಟ್‌ನಲ್ಲಿ ದೊಡ್ಡ ಪ್ರಯೋಗಗಳ ಫಲಿತಾಂಶ ಅಚ್ಚಾಯಿತು: ವಾರ್ಡಿನಲ್ಲಿದ್ದವರಿಗೆ ಪೂರ್ತಿ ಡೋಸ್ ಹೆಪಾರಿನ್‌ನಿಂದ (ಎನಾಕ್ಸಪಾರಿನ್ ಕೂಡ ಇದೇ ಜಾತಿಯದು) ಅನುಕೂಲ, ಐಸಿಯು ಸೇರಿದವರಿಗೆ ಇಲ್ಲ. ಅವರಲ್ಲಿ ರಕ್ತಸ್ರಾವವೇ ಜಾಸ್ತಿ. ಹೈದ ಅವರೇ, ನಿಮ್ಮ ಮಾವನವರಿಗೆ ಕೊಟ್ಟ 40 ಮಿಲಿಗ್ರಾಂ ತಡೆಯುವ ಸಣ್ಣ ಡೋಸ್. ಅದರಲ್ಲಿ ಮೋಸ ಏನೂ ಇಲ್ಲ.

ಫಿಲ್ಟರ್ ಕಾಫಿ:
ಐಸಿಯು ಅಂದಿರಲ್ಲ, ಅದಕ್ಕೇ ಹೇಳುತ್ತೇನೆ. ಚಿಕ್ಕಪ್ಪ ಅಲ್ಲೇ ಇದ್ದದ್ದು, 2020ರ ಆಗಸ್ಟ್. ಹೆಪಾರಿನ್ ಡೋಸ್ ಏರಿಸಿದರು. ನಾಲ್ಕನೇ ದಿನ ಮಲದಲ್ಲಿ ರಕ್ತ, ಎರಡು ಬಾಟಲಿ ರಕ್ತ ಹಾಕಿಸಿದೆವು.

ರಿಟೈರ್ಡ್ ಸಿಸ್ಟರ್:
ಅಯ್ಯೋ. ಆದರೆ ಆಗ ಯಾರಿಗೂ ಗೊತ್ತಿರಲಿಲ್ಲ ಅಣ್ಣ.

ಫಿಲ್ಟರ್ ಕಾಫಿ:
ಗೊತ್ತಿಲ್ಲ ಅನ್ನೋದನ್ನಾದರೂ ನಮಗೆ ಹೇಳಬಹುದಿತ್ತಲ್ವಾ ಅಕ್ಕ? ಸೈನ್ ಹಾಕಿ ಅಂದರು, ಹಾಕಿದೆವು.

ಚಾಮುಂಡಿ ಮೆಟ್ಟಿಲು:
ಇದೆಲ್ಲ ಲಸಿಕೆಯಿಂದ ಆಗಿದ್ದು. ಕೋವಿಶೀಲ್ಡ್ ರೂಪಿಸಿದ ಕಂಪನಿಯವರೇ ಕೋರ್ಟಿನಲ್ಲಿ ಒಪ್ಪಿಕೊಂಡರಲ್ಲ!

ಔಷಧಿ ಅಂಗಡಿ:
ಸಾರ್, ನಮ್ಮ ದೇಶದಲ್ಲಿ ಲಸಿಕೆ ಶುರುವಾದದ್ದೇ 2021ರ ಜನವರಿ 16ಕ್ಕೆ. ಚಿಕ್ಕಪ್ಪನವರ ಕಥೆ ಅದಕ್ಕೂ ಮುಂಚಿನದು. ಲಸಿಕೆಯಿಂದಲೂ ಹೆಪ್ಪುಗಟ್ಟಿದ್ದು ನಿಜ, ಪ್ಲೇಟ್‌ಲೆಟ್ ಇಳಿಯುವ ಬೇರೆ ತರಹದ್ದು, ತೀರಾ ಅಪರೂಪ. ಕಾಯಿಲೆಯಿಂದ ಆಗುವುದು ಅದಕ್ಕಿಂತ ಎಷ್ಟೋ ಜಾಸ್ತಿ.

ಚಾಮುಂಡಿ ಮೆಟ್ಟಿಲು:
ನನಗೆ ನಂಬಿಕೆ ಇಲ್ಲ. ಇರಲಿ. ಅಮ್ಮನಿಗೆ ಪಾಸಿಟಿವ್ ಬಂದಾಗ ಮನೆಯಲ್ಲೇ ಎಕೋಸ್ಪ್ರಿನ್ (ಆಸ್ಪಿರಿನ್ ಮಾತ್ರೆ) ಕೊಟ್ಟಿದ್ದೆ. ಅದಾದರೂ ಸರಿನಾ?

ಔಷಧಿ ಅಂಗಡಿ:
ಅವತ್ತು ನಮ್ಮ ಅಂಗಡಿಯಲ್ಲೂ ಚೀಟಿ ಇಲ್ಲದೆ ಕೇಳುವವರೇ. ಇಂಗ್ಲೆಂಡಿನವರು ಆಸ್ಪತ್ರೆ ಸೇರಿದ ಸುಮಾರು 15,000 ಜನರ ಮೇಲೆ ಆಸ್ಪಿರಿನ್ ನೋಡಿದರು. ಸಾವೇನೂ ಕಡಿಮೆಯಾಗಲಿಲ್ಲ.

ರಿಟೈರ್ಡ್ ಸಿಸ್ಟರ್:
ಮಾತ್ರೆಗಿಂತ ಕಾಲು ನೋಡಿಕೊಳ್ಳಬೇಕಿತ್ತು. ಡಿಸ್ಚಾರ್ಜ್ ಆದ ಮೇಲೂ ತಿಂಗಳುಗಟ್ಟಲೆ ಅಪಾಯ ಇರುತ್ತದೆ. ಒಂದೇ ಕಾಲಿನ ಮೀನಖಂಡ ಊದಿ, ಮುಟ್ಟಿದರೆ ಬಿಸಿ, ನೋವು ಇದ್ದರೆ ತಡಮಾಡಬಾರದು.

ಮಂಡ್ಯದ ಹೈದ:
ಸಿಸ್ಟರ್, ಇದನ್ನು ಮಾವನವರಿಗೆ ಓದಿ ಹೇಳಿದೆ. ‘ನನ್ನ ಎಡಗಾಲು ಊದಿತ್ತು ಕಣಪ್ಪ, ಮತ್ತೆ ಆಸ್ಪತ್ರೆಗೆ ಹಾಕ್ತೀರ ಅಂತ ಬಾಯಿ ಬಿಡಲಿಲ್ಲ’ ಅಂದರು!

ರಿಟೈರ್ಡ್ ಸಿಸ್ಟರ್:
ಈಗಲೂ ಊದುತ್ತದಾ?

ಮಂಡ್ಯದ ಹೈದ:
ಸಂಜೆ ಹೊತ್ತು, ಗದ್ದೆಯಿಂದ ಬಂದ ಮೇಲೆ. ಪಂಚೆ ಎತ್ತಿ ತೋರಿಸಿದರು, ಬಲಗಾಲಿಗಿಂತ ದಪ್ಪ ಇದೆ.

ರಿಟೈರ್ಡ್ ಸಿಸ್ಟರ್:
ಕಾಲಿನ ರಕ್ತನಾಳದಲ್ಲಿ ಹೆಪ್ಪು ಇದೆಯಾ ಅಂತ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ನಾಳೆನೇ.